ಗೌಸಣ್ಣನ ಬಲಗಡೆ

ಗೌಸಣ್ಣನ ಅಂಬಾಸಿಡರ್ ಕಾರಿನಲ್ಲಿ ನಾನು ಕೂರುತ್ತಿದ್ದುದು ಡ್ರೈವರಿನ ಬಲಕ್ಕೆ. ಡ್ರೈವರಿನ ಬಲಕ್ಕೆ ಬಾಗಿಲಲ್ಲವೇ ಇರುವುದು ಎಂದು ಪರವೂರಿನವರು ನಗುತ್ತಾರೆ. ನಗಲಿ. ಬಾಗಿಲಿಗೂ ಡ್ರೈವರಿಗೂ ನಡುವೆ ಒಬ್ಬ ಸಣಕಲ ಮನುಷ್ಯ ಹಿಡಿಸುತ್ತಾನೆ, ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ಓಡುವ ಷೇರ್ ಗಾಡಿಗಳಲ್ಲೆಲ್ಲ ಆ ಜಾಗಕ್ಕೆ ಒಬ್ಬ ಕಾಯಂ ಗಿರಾಕಿ ಇದ್ದೇ ಇರುತ್ತಾನೆ. ಹೆಂಗಸರನ್ನು ಅಲ್ಲಿ ಕೂರಿಸುವಂತಿಲ್ಲ, ದಪ್ಪಗಿರುವವರಿಗೆ ಆಗುವುದಿಲ್ಲ, ಕುಡಿದವರನ್ನು ಡ್ರೈವರೇ ಹತ್ತಿರ ಸೇರಿಸುವುದಿಲ್ಲ. ನಾನು ತಿಮ್ಮರಾಜು, ತಾಲ್ಲೂಕು ಕಚೇರಿಯ ಗುಮಾಸ್ತ, ಹುಟ್ಟಿದಾಗಿನಿಂದ ಒಣಕಲು. ಬೂಕನಕೆರೆಯಲ್ಲಿ ಹತ್ತಿ ಪಾಂಡವಪುರದಲ್ಲಿ ಇಳಿಯುವ ತನಕ ಹನ್ನೊಂದು ವರ್ಷ ಆ ಕಿಟಕಿಯ ಗಾಳಿ ಕುಡಿದವನು.

ಗೌಸಣ್ಣ ನೆಟ್ಟಗೆ ಕೂತು ಗಾಡಿ ಓಡಿಸಿದ್ದನ್ನು ಹಾಗಾಗಿ ನಾನು ಕಂಡೇ ಇರಲಿಲ್ಲ. ಎಡಕ್ಕೆ ಸರಿದು, ಪಕ್ಕದ ಮನೆಯ ಕಿಟಕಿಯೊಳಗೆ ಕೈ ಹಾಕಿದವನ ಹಾಗೆ ಸ್ಟೇರಿಂಗ್ ಹಿಡಿದು, ಬಲಗಾಲನ್ನು ಓರೆಯಾಗಿ ನನ್ನ ಕಡೆಗೆ ಚಾಚಿ ಬ್ರೇಕು ತುಳಿಯುತ್ತಿದ್ದ. ಹಾಗೆ ಕೂತೇ ಹಿಂದೆ ಆರು, ಮುಂದೆ ತಾನೂ ಸೇರಿ ಐದು ಜನರನ್ನು ತುಂಬಿಕೊಂಡು, ಎದುರಿಗೆ ಕಬ್ಬಿನ ಗಾಡಿ ಬಂದರೂ ಕೂದಲೆಳೆಯಲ್ಲಿ ತಪ್ಪಿಸುತ್ತಿದ್ದ. ನಾನು ಹತ್ತುವ ಮೊದಲೂ ಆ ಜಾಗ ಬಿಟ್ಟೇ ಕೂತಿರುತ್ತಿದ್ದ, ಇಳಿದು ನಡೆಯುವಾಗಲೂ ಅವನ ಸೊಂಟ ಎಡಕ್ಕೇ ವಾಲುತ್ತಿತ್ತು.

ತೊಂಬತ್ತಾರನೇ ಇಸವಿಯಲ್ಲಿ ಆ ಕಾರು ಎಫ್‌ಸಿಯಲ್ಲಿ ಫೇಲಾಯಿತು. ಗಾಡಿ ರಸ್ತೆಯ ಮೇಲೆ ಓಡಲು ಯೋಗ್ಯ ಎಂದು ಬ್ರೇಕ್ ಇನ್ಸ್‌ಪೆಕ್ಟರು ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟಿಗೆ ನಮ್ಮ ಕಡೆ ಎಫ್‌ಸಿ ಎಂದಷ್ಟೇ ಹೆಸರು. ಕಿಂಗ್ ಪಿನ್ನು ಸವೆದು ಮುಂದಿನ ಚಕ್ರ ಅಲ್ಲಾಡುತ್ತಿತ್ತು. ಸ್ಟೇರಿಂಗನ್ನು ಕಾಲು ಸುತ್ತು ತಿರುಗಿಸಿದ ಮೇಲೆಯೇ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ಹಿಂದಿನ ಸೀಟಿನವರ ಕಾಲಡಿಯ ತಗಡನ್ನು ತುಕ್ಕು ತಿಂದು, ಬಗ್ಗಿದರೆ ರಸ್ತೆ ಕಾಣುತ್ತಿತ್ತು. ಹ್ಯಾಂಡ್ ಬ್ರೇಕು ಅಂದರೆ ಡಿಕ್ಕಿಯಲ್ಲಿದ್ದ ಒಂದು ಕಲ್ಲು, ಇಳಿಜಾರಿನಲ್ಲಿ ಇಳಿದು ಚಕ್ರಕ್ಕೆ ಕೊಡಬೇಕು. ಅರವತ್ನಾಲ್ಕನೇ ಮಾಡೆಲಿನ ಗಾಡಿಗೆ ಇವೆಲ್ಲ ಬರುವಂಥವೇ, ನಮಗೆ ಮಂಡಿನೋವು ಬಂದ ಹಾಗೆ. ತಾವು ಪಾಂಡವಪುರಕ್ಕೆ ಪರೀಕ್ಷೆಗೆ ಬರುವ ಮುಂದಿನ ಕ್ಯಾಂಪಿಗೆ ಸರಿಮಾಡಿಕೊಂಡು ಬಾ ಎಂದು ಇನ್ಸ್‌ಪೆಕ್ಟರು ಕಳಿಸಿದ್ದರು.

ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಗೌಸಣ್ಣನ ಬಾಮೈದ ಕಲೀಂ ಶ್ರೀರಂಗಪಟ್ಟಣದಲ್ಲಿ ಹೊಸ ವ್ಯಾನು ತಂದು ನಿಲ್ಲಿಸಿಕೊಂಡಿದ್ದ. ಆ ಡಬ್ಬವನ್ನು ಗುಜರಿಗೆ ಹಾಕಿ ಭಾವ ನನ್ನ ವ್ಯಾನು ಓಡಿಸಲಿ, ತಿಂಗಳ ಸಂಬಳ ಕೊಡುತ್ತೇನೆ ಎನ್ನುವುದು ಅವನ ಹಟ. ಗೌಸಣ್ಣನ ಹೆಂಡತಿ ಶಾಹಜಹಾನ್ ಬೇಗಂ ತಮ್ಮನ ಮಾತಿಗೆ ತಲೆದೂಗಿದಳು. ಈ ಸಲವೂ ಫೇಲಾದರೆ ಕಾರು ಗುಜರಿಗೆ, ನಾನು ವ್ಯಾನಿಗೆ ಎಂದು ಗೌಸಣ್ಣ ಇಬ್ಬರ ಮುಂದೆಯೂ ಒಪ್ಪಿಕೊಂಡುಬಿಟ್ಟ. ಒಪ್ಪಿಕೊಂಡ ದಿನದಿಂದ ಗಾಡಿಯಲ್ಲಿ ಅವನಿಗೆ ಬೇರೆ ಮಾತೇ ಇರಲಿಲ್ಲ.

"ನಂದೇ ಗಾಡಿ ಅಂತ ಇಪ್ಪತ್ತು ವರ್ಸ ಓಡ್ಸಿವ್ನಿ ಸಾಮಿ," ಎಂದ ನನಗೆ. "ಇನ್ನು ಬಾಮೈದನ ಮುಂದೆ ಕೈಕಟ್ಕಂಡು ರಜಾ ಕೇಳ್ಬೇಕಾ?"

ಮೊದಲೇ ಕೂತಲ್ಲಿ ಕೂರಲಾರದ, ನಿಂತಲ್ಲಿ ನಿಲ್ಲಲಾರದ ಆಸಾಮಿ. ಈಗ ಅವನ ಕಿವಿಯೊಳಗೆ ಒಂದು ಸದ್ದು ಬೇರೆ ಸೇರಿಕೊಂಡಿತು. ಗಾಡಿ ತುಂಬ ಜನ ಇರುವಾಗಲೇ ಗಕ್ಕನೆ ನಿಲ್ಲಿಸಿ, ಕಟಕಟ ಅಂತ ಕೇಳಿಸಿತಾ ಎಂದು ನನ್ನನ್ನು ಕೇಳುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ. ಇಳಿದು ಗಾಡಿಯ ಕೆಳಗೆ ಇಣುಕಿ, ಚಕ್ರ ತಟ್ಟಿ, ಬಾನೆಟ್ ಎತ್ತಿ, ಮತ್ತೆ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದೇ ಪ್ರಶ್ನೆ. ಕಚೇರಿಗೆ ತಡವಾಗಿ ನಾನು ಬೈಸಿಕೊಳ್ಳುತ್ತಿದ್ದೆ. ಹಿಂದಿನ ಸೀಟಿನ ಪುಟ್ಟತಾಯಮ್ಮ, ದಿನಾ ಸೊಪ್ಪು ಮಾರಲು ಹೋಗುವವಳು, ಸೊಪ್ಪೆಲ್ಲ ಬಾಡಿತಲ್ಲಪ್ಪ ಎಂದು ಗೊಣಗುತ್ತಿದ್ದಳು. ಅವನಿಗೆ ಯಾರ ಮಾತೂ ಕಿವಿಗೆ ಹೋಗುತ್ತಿರಲಿಲ್ಲ. ದಿನ ಹೋದ ಹಾಗೆ ನನಗೂ ಅದೇ ರೋಗ ಅಂಟಿ, ಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ಕೇಳಿದರೂ ಬೆಚ್ಚುವಂತಾಯಿತು.

ಎಫ್‌ಸಿಗೆ ಹೋಗುವ ಗಾಡಿ ಮದುವೆಗೆ ಹೊರಟ ಬಡವರ ಹುಡುಗಿಯ ಹಾಗೆ, ಮೈಮೇಲಿನ ಒಡವೆ ಯಾರು ಯಾರದೋ. ಒಬ್ಬನ ಟೈರು, ಇನ್ನೊಬ್ಬನ ಬ್ಯಾಟರಿ, ಮತ್ತೊಬ್ಬನ ಹಾರನ್ನು ಕಟ್ಟಿಕೊಂಡು ಹೋಗಿ ಪಾಸಾಗಿ ಬಂದು ಸಂಜೆಗೆ ಬಿಚ್ಚಿಕೊಡುವುದು ಸ್ಟ್ಯಾಂಡಿನವರ ಪದ್ಧತಿ. ಗೌಸಣ್ಣ ಈ ಸಲ ಯಾರದ್ದನ್ನೂ ಮುಟ್ಟಲಿಲ್ಲ. ಸಂತೆ ಹೊತ್ತಿಗೆ ಮೂರು ಮೊಳ ನೇಯುವ ಕೆಲಸ ಬೇಡ ಎಂದು ಕಿಂಗ್ ಪಿನ್ನು ಹೊಸದು ಹಾಕಿಸಿದ, ಸ್ಟೇರಿಂಗ್ ಬಿಗಿ ಮಾಡಿಸಿದ, ಕಾಲಡಿಗೆ ಹೊಸ ತಗಡು ಬೆಸೆಯಿಸಿದ. ಹ್ಯಾಂಡ್ ಬ್ರೇಕಿಗೆ ಕೇಬಲ್ಲು ಬಂತು, ಕಲ್ಲು ಡಿಕ್ಕಿಯಿಂದ ಬೀದಿಗೆ ಬಿತ್ತು. ಬ್ರೇಕನ್ನಂತೂ ದಿನಾ ತುಂಬಿದ ಗಾಡಿಯಲ್ಲೇ ಪರೀಕ್ಷೆ ಮಾಡಿ ಮಾಡಿ ಪುಟ್ಟತಾಯಮ್ಮನ ಹಣೆಯನ್ನು ಮುಂದಿನ ಸೀಟಿಗೆ ಹೊಡೆಸಿದ.

ಪಾಂಡವಪುರದ ಐಬಿ, ಅಂದರೆ ಸರ್ಕಾರಿ ಬಂಗಲೆಯ ಮುಂದೆ ಶನಿವಾರ ಕ್ಯಾಂಪು. ನೀವು ಜೊತೆಗಿದ್ದರೆ ಧೈರ್ಯ ಸಾಮಿ ಎಂದು ಬೂಕನಕೆರೆಗೆ ಬಂದು ನನ್ನನ್ನು ಹತ್ತಿಸಿಕೊಂಡ. ದಾರಿಯುದ್ದಕ್ಕೂ ಇಬ್ಬರೂ ಆ ಕಟಕಟ ಸದ್ದಿಗೇ ಕಿವಿಗೊಟ್ಟಿದ್ದೆವು. ಐಬಿ ಮುಂದೆ ಗಾಡಿಗಳು ಸಾಲುಗಟ್ಟಿದ್ದವು. ನಮ್ಮ ಸರದಿ ಬಂದಾಗ ಇನ್ಸ್‌ಪೆಕ್ಟರು ಹತ್ತಿರ ಬಂದು ಒಳಗೆ ಬಗ್ಗಿ ನೋಡಿದರು.

"ಗಾಡಿ ಪೂರ್ತಿ ಖಾಲಿ ಇದೆ," ಎಂದರು. "ನೀವಿಬ್ಬರೂ ಯಾಕ್ರೀ ಒಂದೇ ಮೂಲೆಯಲ್ಲಿ ಒತ್ತರಿಸಿಕೊಂಡು ಕೂತಿದ್ದೀರಿ?"

ಆಗ ನೋಡಿಕೊಂಡೆವು. ಹಿಂದಿನ ಸೀಟು ಖಾಲಿ, ಮುಂದೆ ಎಡಗಡೆ ಮೂರು ಜನರ ಜಾಗ ಖಾಲಿ. ನಾನು ಎಂದಿನಂತೆ ಬಲಬಾಗಿಲಿಗೆ ಅಂಟಿ, ಗೌಸಣ್ಣ ನನ್ನ ಭುಜದ ಹಿಂದೆ ತನ್ನ ಭುಜ ಸಿಕ್ಕಿಸಿಕೊಂಡು, ಅಷ್ಟು ದೂರ ಬಂದಿದ್ದೆವು. ಇಬ್ಬರಿಗೂ ಹೊಳೆದೇ ಇರಲಿಲ್ಲ. ಸುತ್ತ ನಿಂತಿದ್ದ ಡ್ರೈವರುಗಳು ಬಿದ್ದು ಬಿದ್ದು ನಕ್ಕರು. ಅವರ ಗಾಡಿಗಳಲ್ಲೂ ಅದೇ ಕಥೆ, ಆದರೂ ನಕ್ಕರು. ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ನಾನು ಇಳಿದೆ. ಇನ್ಸ್‌ಪೆಕ್ಟರು ಚಕ್ರ ಅಲ್ಲಾಡಿಸಿ ನೋಡಿದರು, ದೀಪ ಹಾಕಿಸಿದರು, ಹೊಸ ತಗಡನ್ನು ಕಾಲಿನಿಂದ ತಟ್ಟಿದರು. ಎಲ್ಲ ಸರಿ. ಉಳಿದದ್ದು ಬ್ರೇಕು. ಆಚೆ ತುದಿಯಿಂದ ವೇಗವಾಗಿ ಬಂದು, ತಾವು ಕೈ ಎತ್ತಿದಲ್ಲಿ ನಿಲ್ಲಿಸಬೇಕು ಎಂದರು. ಸೀಟಿನ ಮೇಲೆ ನೆಟ್ಟಗೆ ಕೂತುಕೊಳ್ಳಿ ಎಂದೂ ಹೇಳಿದರು. ಗೌಸಣ್ಣ ಬಲಕ್ಕೆ ಸರಿದ. ಹೊಸ ಮನೆಗೆ ಬಂದವನ ಹಾಗೆ ಅತ್ತಿತ್ತ ನೋಡಿಕೊಂಡ.

ಕಾರು ಆ ತುದಿಯಿಂದ ಬಂತು. ಇನ್ಸ್‌ಪೆಕ್ಟರು ಕೈ ಎತ್ತಿದರು. ಗೌಸಣ್ಣನ ಕಾಲು ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಹಾಗೆ ಓರೆಯಾಗಿ ಬಲಕ್ಕೆ ಹೋಯಿತು. ಮೈ ಗೇಣುದ್ದ ಬಲಕ್ಕೆ ಸರಿದದ್ದು ಕಾಲಿಗೆ ಹೇಗೆ ಗೊತ್ತಾಗಬೇಕು? ಬ್ರೇಕು ಇರಬೇಕಾದಲ್ಲಿ ಎಕ್ಸಿಲರೇಟರ್ ಇತ್ತು. ಕಾರು ಗುಡುಗಿಕೊಂಡು ಮುಂದಕ್ಕೆ ಹಾರಿತು. ಇನ್ಸ್‌ಪೆಕ್ಟರು ಪಕ್ಕಕ್ಕೆ ನೆಗೆದರು. ಐಬಿ ಕಾಂಪೌಂಡಿಗೆಂದು ಸುರಿದಿದ್ದ ಮರಳಿನ ಗುಡ್ಡೆಗೆ ನುಗ್ಗಿ ಗಾಡಿ ನಿಂತಿತು.

ಈ ಸಲ ಯಾರೂ ನಗಲಿಲ್ಲ. ಗೌಸಣ್ಣ ಇಳಿದು ಬಂದು ಕೀಯನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತ. ಕಲೀಂ ಅಲ್ಲೇ ಎದುರಿಗೆ ನಿಂತು ಕೇಳುತ್ತಿದ್ದಾನೇನೋ ಅನ್ನುವ ಹಾಗೆ ಕೈ ಮುಂದೆ ಚಾಚಿಯೇ ಇತ್ತು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಇನ್ಸ್‌ಪೆಕ್ಟರು ಪ್ಯಾಂಟಿನ ಧೂಳು ಕೊಡವಿಕೊಂಡು ಆ ಕೀ ತೆಗೆದುಕೊಂಡರು. ಗಾಡಿಯನ್ನು ಹಿಂದಕ್ಕೆ ತೆಗೆದು, ತಾವೇ ಓಡಿಸಿ, ಬ್ರೇಕು ಹಾಕಿದರು. ಹಾಕಿದ ಕಡೆ ಗಾಡಿ ನೆಟ್ಟಗೆ ನಿಂತಿತು. ಇನ್ನೊಮ್ಮೆ ಓಡಿಸಿದರು, ಇನ್ನೊಮ್ಮೆ ನಿಂತಿತು.

"ಗಾಡಿಯಲ್ಲಿ ದೋಷ ಇಲ್ಲ," ಎಂದರು. "ಎಫ್‌ಸಿ ಕೊಡೋದು ಗಾಡಿಗೆ, ಕೊಡ್ತೀನಿ. ನೀವು ಮಾತ್ರ ಮೊದಲು ಕೂತುಕೊಳ್ಳೋದು ಕಲೀರಿ."

ಪಾಸಾದ ಸಂತೋಷ ಅವನ ಮುಖದಲ್ಲಿ ಇರಲಿಲ್ಲ. ವಾಪಸು ಹೊರಟಾಗ ನಾನು ಎಡಗಡೆ ಕೂತೆ. ಅವನು ಸೀಟಿನ ಸರಿಯಾದ ಜಾಗದಲ್ಲಿ ಕೂತು, ಪ್ರತಿ ಸಲ ಕಾಲನ್ನು ಬಗ್ಗಿ ನೋಡಿಕೊಂಡು ಇಡುತ್ತ, ಎತ್ತಿನ ಗಾಡಿಯಷ್ಟು ನಿಧಾನಕ್ಕೆ ಓಡಿಸಿದ. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ನಾಲೆಯ ಕಿರಿದಾದ ಸೇತುವೆ ಬಂತು. ಆಚೆಯಿಂದ ಲಾರಿ ಬರುತ್ತಿತ್ತು. ಅವನು ಗಾಡಿ ನಿಲ್ಲಿಸಿ ಬೆವರು ಒರೆಸಿಕೊಂಡ. ಲಾರಿ ದಾಟಿ ಹೋದ ಮೇಲೂ ಹೊರಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಆ ಕಡೆಗೆ ಬಂದು ಕೂರಲೇ ಗೌಸಣ್ಣ, ಯಾರು ನೋಡುತ್ತಾರೆ ಎಂದೆ.

"ಬ್ಯಾಡ ಸಾಮಿ," ಎಂದ. "ನೀವು ಬಂದ್ರೆ ಗಾಡಿ ಓಡ್ತದೆ. ನಾನ್ ನೆಟ್ಗೆ ಕೂತು ಓಡ್ಸೋದು ಯಾವಾಗ?"

ಸೋಮವಾರ ಬೆಳಿಗ್ಗೆ ಬೂಕನಕೆರೆಯಲ್ಲಿ ಕಾರು ನಿಂತಿತು. ನಾನು ಅಭ್ಯಾಸದಂತೆ ಬಲಬಾಗಿಲಿಗೆ ಕೈ ಹಾಕಿದೆ. ಗೌಸಣ್ಣ ಪಕ್ಕಕ್ಕೆ ಸರಿಯಲಿಲ್ಲ. ಗಾಡಿಯಲ್ಲಿ ಆಗಲೇ ಐದು ಜನ ಇದ್ದರು. ಇನ್ನು ಮೇಲೆ ಅಷ್ಟೇ ಜನ, ಬಸ್ಸು ಈಗ ಬರುತ್ತದೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ವರ್ಷ ಜೊತೆಗಿದ್ದವನನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದೇ? ಸ್ವಲ್ಪ ಹೊತ್ತಿಗೆ ನಾನಿದ್ದ ಬಸ್ಸು ಆ ಕಾರನ್ನು ಹಿಂದೆ ಹಾಕಿತು. ಅವನು ಎರಡು ಕೈಯಲ್ಲೂ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ತೆವಳುತ್ತಿದ್ದ. ಆಗಲಿ, ಹಾಗೇ ಆಗಬೇಕು ಎಂದುಕೊಂಡೆ.

ಐದು ಜನರನ್ನು ಇಟ್ಟುಕೊಂಡು ಭಾವ ಎಷ್ಟು ದಿನ ನಡೆಸುತ್ತಾನೋ ನೋಡೋಣ ಎಂದು ಕಲೀಂ ವ್ಯಾನಿಗೆ ಡ್ರೈವರನ್ನು ಹಾಕದೆ ಕಾದ. ಗೌಸಣ್ಣ ಭಾನುವಾರವೂ ಮನೆಯಲ್ಲಿ ಕೂರದೆ ಮದುವೆ, ಆಸ್ಪತ್ರೆ ಎಂದು ಬಾಡಿಗೆ ಹಿಡಿದು ಓಡಿದ. ಯುಗಾದಿಯ ಹೊತ್ತಿಗೆ ಕಲೀಂಗೆ ಕಾದು ಸಾಕಾಯಿತು, ಬೇರೆಯವನನ್ನು ಇಟ್ಟುಕೊಂಡ.

ಹಬ್ಬ ಕಳೆದು ಒಂದು ಬೆಳಿಗ್ಗೆ ನಾನು ಬಸ್ಸಿನಲ್ಲಿ ನೇತಾಡುತ್ತಿದ್ದೆ. ಹಿಂದಿನಿಂದ ಹಾರನ್ನು ಕೇಳಿಸಿತು. ಗೌಸಣ್ಣನ ಕಾರು ನಮ್ಮ ಬಸ್ಸನ್ನು ದಾಟಿಕೊಂಡು ಹೋಯಿತು. ಅವನು ನೆಟ್ಟಗೆ ಕೂತಿದ್ದ. ಬಲಗೈಯ ಮೊಣಕೈ ಕಿಟಕಿಯ ಮೇಲಿತ್ತು, ಅಂಗಿಯ ತೋಳು ಗಾಳಿಗೆ ಉಬ್ಬಿತ್ತು. ಇಪ್ಪತ್ತು ವರ್ಷ ಸ್ವಂತ ಕಾರು ಓಡಿಸಿದ ಮನುಷ್ಯನಿಗೆ ಆ ಕಿಟಕಿ ಒಂದು ದಿನವೂ ಸಿಕ್ಕಿರಲಿಲ್ಲ ಎನ್ನುವುದು ನನಗೆ ಆಗ ತಿಳಿಯಿತು. ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ.