ಬದುವಿನ ಮೇಲೆ ಬಿಟ್ಟ ಶೂ

ಹಂಗಳದ ಹೊಲಗಳ ನಡುವೆ ಓಟದ ಸ್ಪರ್ಧೆ ಇಟ್ಟಿದ್ದರು. ಹುಟ್ಟಿದೂರಿನ ಮಣ್ಣಲ್ಲಿ ನನ್ನನ್ನು ಯಾವನು ಸೋಲಿಸುತ್ತಾನೆ ಎಂದು, ನಲವತ್ತು ದಾಟಿದ ನಾನೂ ಹೆಸರು ಕೊಟ್ಟೆ. ಹಿಂದಿನ ದಿನದ ಮಳೆಗೆ ದಾರಿಯೆಲ್ಲ ಕೆಸರು. ಅರ್ಧ ದಾರಿಯಲ್ಲಿ ಬಾಣದ ಗುರುತು ಒಂದು ಚೆಂಡುಹೂವಿನ ಹೊಲದೊಳಕ್ಕೆ ತಿರುಗಿತು. ನಾನು ಚಿಕ್ಕವನಿದ್ದಾಗ ಅವ್ವ ಕೂಲಿಗೆ ಕಳೆ ಕೀಳುತ್ತಿದ್ದ ಹೊಲ ಅದು. ನನ್ನ ಕಾಲು ತಾನಾಗಿ ನಿಂತಿತು.

"ಬೆಳೆ ನಿಂತಿರೋ ವಲಕ್ಕೆ ಮೆಟ್ಟಾಕ್ಕಂಡು ಇಳೀತೀಯೇನ್ಲಾ?" ಎಂದು ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಅವಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆದರೂ ಶೂ ಬಿಚ್ಚಿ ಬದುವಿನ ಮೇಲಿಟ್ಟೇ ಇಳಿದೆ. ಬರಿಗಾಲಿಗೆ ಆ ಕೆಸರು ಎಷ್ಟು ತಂಪಾಗಿತ್ತು! ಶೂ ಹಾಕಿಕೊಂಡು ಜಾರಿ ಬೀಳುತ್ತಿದ್ದವರನ್ನೆಲ್ಲ ಹಿಂದೆ ಹಾಕಿ, ಮೂರನೆಯವನಾಗಿ ಗುರಿ ಮುಟ್ಟಿದೆ.

ಗೆದ್ದವರ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಕೇಳಿದರೆ, "ಟೈಮು, ಜಾಗ ತೋರಿಸೋ ಚಿಪ್‌ನ ನಿಮ್ಮ ಶೂ ಲೇಸಿಗೆ ಕಟ್ಟಿದ್ವಲ್ಲ ಸಾರ್, ಎಲ್ಲಿ?" ಅಂದರು. ಬಾಯಿಗೆ ಬಂದ ಹಾಗೆ ಬೈದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ಅದರ ಪ್ರಕಾರ ನಾನಿನ್ನೂ ಅವ್ವನ ಹೊಲ ದಾಟಿರಲಿಲ್ಲ.