ಕೆಂಪಣ್ಣನವರ ಒದ್ದೆ ಟವಲ್ಲು

ದೊಡ್ಡಬಳ್ಳಾಪುರದಲ್ಲಿ ನಾನು ಡಯಾಲಿಸಿಸ್ ನರ್ಸ್. ದೊಡ್ಡಬೆಳವಂಗಲದ ರೈತ ಕೆಂಪಣ್ಣನವರಿಗೆ ಡಯಾಲಿಸಿಸ್‌ಗೆಂದು ಕತ್ತಿನ ಬಳಿ ಪೈಪು ಹಾಕಿದ್ದರು. ಚಳಿಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ರಕ್ತದಲ್ಲಿ ಸಿಕ್ಕಿದ್ದು ಅಪರೂಪದ ಬ್ಯಾಕ್ಟೀರಿಯಾ. ಮಣ್ಣು, ನೀರಿನಲ್ಲಿ ತನ್ನ ಪಾಡಿಗೆ ತಾನಿರುವಂಥದ್ದು. ಗಟ್ಟಿಮುಟ್ಟಾದವರ ತಂಟೆಗೆ ಬರುವುದಿಲ್ಲ. ಸೋತ ಮೈಗೆ ಪೈಪಿನ ದಾರಿ ಸಿಕ್ಕರೆ ಒಳಗೇ ಠಿಕಾಣಿ ಹೂಡುತ್ತದೆ.

"ಪೈಪಿಗೆ ನೀರು ಸೋಕಿಸ್ತೀರಾ?" ಅಂದೆ.

"ಎಲ್ಲಾದ್ರೂ ಉಂಟೇನಮ್ಮಾ!" ಅನ್ನುತ್ತಾ ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಂಡರು. ಮುಟ್ಟಿದರೆ ಒದ್ದೆ.

"ಬಿಸಿಲಲ್ವಾ, ಹಸು ನೀರು ಕುಡಿಯೋ ತೊಟ್ಟೀಲಿ ಇದನ್ನ ಅದ್ದಿ ಮುಖ ಒರೆಸ್ಕೋತೀನಿ. ಆಮೇಲೆ ಪೈಪು ಯಾರಿಗೂ ಕಾಣ್ದಂಗೆ ಹೊದ್ಕೋತೀನಿ."

"ಬಿಸಾಕಿ ಅದನ್ನ!" ಎಂದು ರೇಗಿದೆ.

"ಟವಲ್ಲಿಲ್ದೆ ಊರಲ್ಲಿ ಹೆಂಗಮ್ಮಾ ಓಡಾಡ್ಲಿ?"

ಡಾಕ್ಟರು ಪೈಪು ಬದಲಿಸಿ ಔಷಧಿ ಕೊಟ್ಟರು. ಜ್ವರ ಬಿಟ್ಟಿತು. ಮುಂದಿನ ತಿಂಗಳು ಒಂದು ದಿನ ಡಯಾಲಿಸಿಸ್‌ಗೆ ಕೆಂಪಣ್ಣ ಒಣ ಟವಲ್ಲನ್ನು ತಲೆಗೆ ಸುತ್ತಿಕೊಂಡು ಮದುವೆ ಗಂಡಿನಂತೆ ಬಂದರು. ಮುಖಕ್ಕೆ ಕಳೆ ಬಂದಿತ್ತು. ಡ್ರೆಸ್ಸಿಂಗ್ ಬದಲಿಸಲು ಬಗ್ಗಿದೆ. ನನ್ನ ಕತ್ತಿನಲ್ಲಿದ್ದ ಐಡಿ ಕಾರ್ಡಿನ ಪಟ್ಟಿ ಅವರ ಪೈಪಿನ ಮೇಲೆ ತೂಗಾಡಿತು.

"ಇದನ್ನ ಯಾವತ್ತು ಒಗೆದಿದ್ರಿ ತಾಯಿ?"

ಈಗ ನನ್ನ ಕಾರ್ಡು ಜೇಬಿನಲ್ಲಿರುತ್ತದೆ. ಅದರ ಪಟ್ಟಿ ತಲೆಗೆ ಸುತ್ತಿಕೊಳ್ಳುವಷ್ಟು ಉದ್ದವಿಲ್ಲ, ಅಷ್ಟೇ.