ದೊಡ್ಡೋರ ಮೇಲೆ ಎರಡು ಪದ್ಯ

ಅಜ್ಜಿಯ ಎಡಗಿವಿಯ ಹಾಲೆ ಓಲೆಯ ಭಾರಕ್ಕೆ ಹರಿದು ಎರಡು ಸೀಳಾಗಿತ್ತು. ಏನನ್ನಾದರೂ ಗಮನವಿಟ್ಟು ಕೇಳುವಾಗ ಆ ಸೀಳನ್ನು ಬೆರಳಿಂದ ಕೂಡಿಸಿ ಹಿಡಿದುಕೊಳ್ಳುತ್ತಿದ್ದರು. ತುಡಿಯಲೂರಿನಾಚೆ, ಗುಡ್ಡದ ಬುಡದಲ್ಲಿದ್ದ ಅವರ ಮನೆಯ ಹಿಂಭಾಗದಲ್ಲಿ ನಾನು ಬಾಡಿಗೆಗಿದ್ದೆ. ಶರವಣಂಪಟ್ಟಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡಿದರೂ, ತಮಿಳು ಸೀಮೆಯಲ್ಲೇ ಹುಟ್ಟಿ ಬೆಳೆದ ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹಾಗಾಗಿ ನನ್ನ ಬರಹಗಳನ್ನು ನಾನು ಓದಬೇಕು, ಅವರು ತೀರ್ಪು ಕೊಡಬೇಕು.

ಆನೆಯ ಮೇಲಿನ ಎರಡು ಪದ್ಯಗಳ ಧಾಟಿಯನ್ನು ಹೋಲಿಸಿ ಆಗ ನಾನೊಂದು ಲೇಖನ ಬರೆಯುತ್ತಿದ್ದೆ. ಓದತೊಡಗಿದ್ದೇ ತಡ, ಅಜ್ಜಿ ತಡೆದರು. ಅವರ ಮನೆತನದಲ್ಲಿ ಆನೆಯ ಹೆಸರೆತ್ತುವಂತಿಲ್ಲ, ಎತ್ತಿದರೆ ಬಂದುಬಿಡುತ್ತದಂತೆ.

"ದೊಡ್ಡೋರು ಅನ್ನು ಕಣ್ಣು." ತಮಿಳರ ಹಾಗೆ ನನ್ನನ್ನು ಮುದ್ದಿಗೆ ಕಣ್ಣು ಎಂದೇ ಕರೆಯುತ್ತಿದ್ದರು.

"ಛಂದಸ್ಸು ಕೆಡುತ್ತೆ ಅಜ್ಜಿ."

"ಕೆಡ್ಲಿ. ಹಿತ್ತಲ ಬಾಳೆ ಕೆಡೋದಕ್ಕಿಂತ ಮೇಲು."

ದೊಡ್ಡೋರು ಎಂದೇ ಓದಿದೆ. ಮೊದಲನೆಯದರ ತುಂಬ ಗುಡುಗು, ಘೀಳು, ಕವಿಯ ಎದೆಗಾರಿಕೆ. ಎರಡನೆಯದು ನಾಲ್ಕೇ ಸಾಲು, ಮನೆಗೆ ಬಂದ ನೆಂಟರನ್ನು ಮಾತಾಡಿಸುವಂಥ ತಣ್ಣನೆಯ ದನಿ. ಒಂದು ವೀರ, ಇನ್ನೊಂದು ನಿರ್ಲಿಪ್ತ ಎಂದು ನಾನು ಬರೆದಿದ್ದೆ.

"ಮೊದಲ್ನೇದು ದೂರ ನಿಂತು ಬರ್ದದ್ದು," ಎಂದರು ಅಜ್ಜಿ. "ಎರಡ್ನೇವನಿಗೇ ಬಯ ಜಾಸ್ತಿ."

ನಾನು ನಕ್ಕೆ. ಓದಲು ಬಾರದವರಿಂದ ವಿಮರ್ಶೆ ಕಲಿಯುವ ಗತಿ ಬಂತೇ ಎಂದೂ ಅನ್ನಿಸಿತು. ಆಗಿನ ನನ್ನ ಜಂಬ ಅಷ್ಟಿತ್ತು.

ಅದೇ ವಾರ, ಇನ್ನೂ ಮಂಜು ಕರಗದ ಮುಂಜಾನೆ, ಹಿತ್ತಲಿಗೆ ಹೋದ ನಾನು ನಿಂತುಬಿಟ್ಟೆ. ಬಾಳೆಯ ಪಕ್ಕದಲ್ಲಿ, ಹತ್ತು ಹೆಜ್ಜೆಯೊಳಗೆ, ಆನೆ. ಕಿವಿ ಅಗಲಿಸಿ ನನ್ನತ್ತ ತಿರುಗಿತು. ಕಿರುಚಲು ಬಾಯಿ ತೆರೆದೆ.

"ಸತ್ತಂ ಹಾಕ್ಬೇಡ, ಕೂಗ್ಬೇಡ," ಹಿಂದೆ ಮೆಟ್ಟಿಲ ಮೇಲಿಂದ ಅಜ್ಜಿಯ ದನಿ. "ಮೆಲ್ಲ ಹಿಂದಿಂದಕ್ಕೇ ಬಾ." ಆಮೇಲೆ ಆನೆಗೆ, "ಸಾಮಿ, ಕೂಸು ತಿಳೀದೆ ಬಂತು. ಬುಟ್ಬುಡು."

ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವಂಥ ದನಿ ಅದು. ಒಂದೊಂದೇ ಹೆಜ್ಜೆ ಹಿಂದಿಟ್ಟೆ. ಆನೆ ಕದಲಲಿಲ್ಲ. ಹಿಮ್ಮಡಿಗೆ ಮೆಟ್ಟಿಲು ತಾಗಿದಾಗ ಅಜ್ಜಿ ಕೈ ಹಿಡಿದು ಒಳಗೆಳೆದುಕೊಂಡರು. ಅಗುಳಿ ಹಾಕಿ, ಅದು ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ಮುಟ್ಟಿ ನೋಡಿದರು.

"ನಿಮಗೂ ಭಯ ಆಯ್ತಾ?"

"ಆಗ್ದೆ? ಅದು ದೊಡ್ಡೋರಿಗ್ಯಾಕೆ ಕೇಳ್ಬೇಕು."

ಲೇಖನವನ್ನು ಹರಿದು ಹೊಸದಾಗಿ ಬರೆದೆ. ಅದನ್ನು ಮೆಚ್ಚಿಕೊಂಡವರಿಗೆಲ್ಲ ಇದು ಅಜ್ಜಿಯ ಮಾತು ಎಂದು ಹೇಳುತ್ತ ಬಂದಿದ್ದೇನೆ.

ಕಳೆದ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಅವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಎರಡನೆಯ ಬೆಳಿಗ್ಗೆ, "ನೀ ಓಗು ಕಣ್ಣು, ಕಾಲೇಜಿಗೆ ಹೊತ್ತಾಯ್ತು," ಎಂದರು, ಹಾಲಿನವನಿಗೆ ಹೇಳುವ ಹಾಗೆ. ನಾನು ಹೊರಟುಬಿಟ್ಟೆ. ಸಂಜೆ ಬರುವಷ್ಟರಲ್ಲಿ ಅವರಿರಲಿಲ್ಲ. ಆ ಬೆಳಿಗ್ಗೆ ಅವರೆಷ್ಟು ಹೆದರಿದ್ದರೋ, ಧಾಟಿಯ ಮೇಲೆ ಲೇಖನ ಬರೆದ ನನಗೆ ಕೇಳಿಸಲಿಲ್ಲ.